ಒಂದು ಶಾಲೆಗಾಗಿ ಕಾದ ಮನುಷ್ಯ: ನಾರಾಯಣಗೂಡದ ಮಾಡಪಾಟಿ ಹನುಮಂತರಾವ್ ಬದುಕಿನಿಂದ ಕಲಿಯಬಹುದಾದ ಅಭ್ಯಾಸಗಳು

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ರೈಲು ಹತ್ತಿ ಹೈದರಾಬಾದ್‌ಗೆ ಹೋಗುವ ಕನ್ನಡಿಗರಲ್ಲಿ ಅನೇಕರು ಇಳಿಯುವುದು ಕಾಚಿಗುಡ ನಿಲ್ದಾಣದಲ್ಲಿ. ಅಲ್ಲಿಂದ ಆಟೋ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ನಾರಾಯಣಗೂಡ ಸಿಗುತ್ತದೆ. ಫ್ಲೈಓವರ್, ಮೆಟ್ರೋ ನಿಲ್ದಾಣ, ಕೋಚಿಂಗ್ ಸೆಂಟರ್‌ಗಳ ಬೋರ್ಡ್‌ಗಳು, ಬೆಳಿಗ್ಗೆ ಸಂಜೆ ವಿದ್ಯಾರ್ಥಿಗಳ ಗುಂಪು. ಯಶಸ್ಸು ಗಳಿಸುವುದು ಹೇಗೆ ಎಂದು ಹೇಳಿಕೊಡುವ ಜಾಹೀರಾತುಗಳಿಗೂ ಇಲ್ಲಿ ಕೊರತೆಯಿಲ್ಲ.

ಇದೇ ನಾರಾಯಣಗೂಡದಲ್ಲಿ ಹೆಣ್ಣುಮಕ್ಕಳ ಒಂದು ಹಳೆಯ ಶಾಲೆ ಇದೆ. 1928ರಲ್ಲಿ ಶುರುವಾದ ಈ ಶಾಲೆಗೆ ಇಂದು ಅದನ್ನು ಕಟ್ಟಿದ ಮಾಡಪಾಟಿ ಹನುಮಂತರಾವ್ ಅವರ ಹೆಸರೇ ಇದೆ. ತೆಲಂಗಾಣದಲ್ಲಿ ಅವರನ್ನು ಆಂಧ್ರ ಪಿತಾಮಹ ಎಂದು ಕರೆಯುತ್ತಾರೆ. ಹೈದರಾಬಾದ್‌ನ ಮೇಯರ್ ಆಗಿ, ಪದ್ಮಭೂಷಣ ಪಡೆದು, ವಿಧಾನ ಪರಿಷತ್ತಿನ ಅಧ್ಯಕ್ಷರಾಗಿ ಬಾಳಿದವರು ಅವರು. ಆದರೆ ಅವರ ಬದುಕಿನಲ್ಲಿ ನಮಗೆ ಹೆಚ್ಚು ಉಪಯೋಗವಾಗುವುದು ಈ ಪದವಿಗಳಲ್ಲ. ಬಾಗಿಲು ಮುಚ್ಚಿದಾಗ ಅವರು ಏನು ಮಾಡುತ್ತಿದ್ದರು ಎಂಬುದು.

ಸೋದರಮಾವಂದಿರ ಮನೆಯಲ್ಲಿ ಬೆಳೆದ ಹುಡುಗ

ಹನುಮಂತರಾವ್ ಹುಟ್ಟಿದ್ದು 1885ರ ಜನವರಿ 22ರಂದು, ಕೃಷ್ಣಾ ಜಿಲ್ಲೆಯ ನಂದಿಗಾಮ ತಾಲೂಕಿನ ಪೊಕ್ಕುನೂರಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹುಡುಗ ಸೋದರಮಾವಂದಿರ ಆಸರೆಯಲ್ಲಿ ನಿಜಾಮರ ಸೀಮೆಯ ಸೂರ್ಯಾಪೇಟೆಯಲ್ಲಿ ಬೆಳೆದ. ಅಲ್ಲಿ ಮತ್ತು ಹನಮಕೊಂಡದಲ್ಲಿ ಓದು ನಡೆಯಿತು.

ಮನೆಮಾತು ತೆಲುಗು. ಆದರೆ ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ಬರೀ ತೆಲುಗು ಗೊತ್ತಿದ್ದರೆ ಕೆಲಸ ಸಿಗುತ್ತಿರಲಿಲ್ಲ. ಆಡಳಿತ, ಕೋರ್ಟು ಎರಡೂ ಉರ್ದುವಿನಲ್ಲಿ. ಹನುಮಂತರಾವ್ ಉರ್ದು ಕಲಿತರು, ಪರ್ಷಿಯನ್ ಕಲಿತರು, ಇಂಗ್ಲಿಷ್ ಕಲಿತರು. ಅದೂ ಹೊಟ್ಟೆಪಾಡಿಗೆ ಬೇಕಾದಷ್ಟು ಮಾತ್ರವಲ್ಲ. ಪ್ರೇಮಚಂದರ ಉರ್ದು ಕಥೆಗಳನ್ನು ತೆಲುಗಿಗೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು.

ಇಲ್ಲೊಂದು ಸೂಕ್ಷ್ಮ ಇದೆ. ಮುಂದೆ ತೆಲುಗಿಗಾಗಿ ಜೀವನವಿಡೀ ದುಡಿದ ಈ ವ್ಯಕ್ತಿ ಉರ್ದುವನ್ನು ದ್ವೇಷಿಸಲಿಲ್ಲ. ಆಳುವವರ ಭಾಷೆ ಚೆನ್ನಾಗಿ ಬರುತ್ತಿದ್ದುದರಿಂದಲೇ ಆಳುವವರ ಕಾನೂನನ್ನು ಓದಿ, ಅದರೊಳಗೆ ಇದ್ದ ಸಂದುಗಳನ್ನು ಹುಡುಕಲು ಅವರಿಗೆ ಸಾಧ್ಯವಾಯಿತು.

ಹಗಲು ಗುಮಾಸ್ತಿಕೆ, ಉಳಿದ ಹೊತ್ತು ಗ್ರಂಥಾಲಯ

ಮೆಟ್ರಿಕ್ ಮುಗಿಸಿದ ಹನುಮಂತರಾವ್ ಹನಮಕೊಂಡದಲ್ಲಿ ಸರ್ಕಾರಿ ಗುಮಾಸ್ತರಾದರು. ಸಂಬಳದ ಕೆಲಸ, ದೊಡ್ಡ ಕನಸಿಗೆ ಜಾಗವಿಲ್ಲದ ಕೆಲಸ. ಆದರೆ 1904ರಲ್ಲಿ ಅದೇ ಊರಿನಲ್ಲಿ ರಾಜರಾಜ ನರೇಂದ್ರ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ಹುಟ್ಟಿಕೊಂಡಾಗ ಅದನ್ನು ಬೆಳೆಸಿದವರಲ್ಲಿ ಅವರಿದ್ದರು. ಅದಕ್ಕೂ ಮುನ್ನ, 1901ರಲ್ಲಿ ಹೈದರಾಬಾದ್‌ನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಆರಂಭವಾಗಿತ್ತು. ನಿಜಾಮರ ನಾಡಿನಲ್ಲಿ ತೆಲುಗು ಗ್ರಂಥಾಲಯ ಚಳವಳಿ ಶುರುವಾದದ್ದು ಹೀಗೆ.

ಮುಂದೆ ಹೈದರಾಬಾದ್‌ಗೆ ಬಂದು ಸರ್ಕಾರದಲ್ಲಿ ಅನುವಾದಕರಾಗಿ ದುಡಿದರು. ಕೆಲಸ ಮಾಡುತ್ತಲೇ ಕಾನೂನು ಪರೀಕ್ಷೆ ಪಾಸು ಮಾಡಿ, ಸರ್ಕಾರಿ ನೌಕರಿ ಬಿಟ್ಟು ವಕೀಲರಾದರು. ಭದ್ರವಾದ ನೌಕರಿ ಬಿಡುವುದು ಅಂದಿಗೂ ಸುಲಭವಿರಲಿಲ್ಲ. ಆದರೆ ಅವರು ಬಿಟ್ಟದ್ದು ಆವೇಶದಲ್ಲಲ್ಲ, ಮುಂದಿನ ಮೆಟ್ಟಿಲನ್ನು ಗಟ್ಟಿ ಮಾಡಿಕೊಂಡ ನಂತರ. ಇಂದು ಕೆಲಸ ಬಿಟ್ಟು ಕನಸಿನ ಬೆನ್ನು ಹತ್ತಿ ಎಂದು ಹೇಳುವ ರೀಲ್ಸ್‌ಗಳಲ್ಲಿ ಕಾಣದ ವಿವರ ಇದು.

1921ರ ಆ ಸಭೆ

1921ರ ನವೆಂಬರ್. ಹೈದರಾಬಾದ್‌ನ ವಿವೇಕವರ್ಧಿನಿ ಸಭಾಂಗಣದಲ್ಲಿ ಸಮಾಜ ಸುಧಾರಣಾ ಸಮ್ಮೇಳನ ನಡೆಯುತ್ತಿತ್ತು. ಅಧ್ಯಕ್ಷತೆ ವಹಿಸಿದ್ದವರು ಪುಣೆಯ ಮಹರ್ಷಿ ಧೋಂಡೋ ಕೇಶವ ಕರ್ವೆ. ಉರ್ದು, ಮರಾಠಿ, ಇಂಗ್ಲಿಷ್ ಭಾಷಣಗಳನ್ನು ಜನ ಕೇಳಿದರು. ಆದರೆ ಆಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ತೆಲುಗಿನಲ್ಲಿ ಮಾತನಾಡಲು ನಿಂತಾಗ ಸಭೆಯಲ್ಲಿ ಗಲಾಟೆ ಶುರುವಾಯಿತು. ಕೂಗು, ಗೇಲಿ. ಅವರು ಮಾತು ಮುಂದುವರಿಸಲು ಆಗಲಿಲ್ಲ.

ಗಮನಿಸಿ, ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ 8 ತೆಲುಗು ಜಿಲ್ಲೆಗಳು, 5 ಮರಾಠಿ, ಮತ್ತು 3 ಕನ್ನಡ ಜಿಲ್ಲೆಗಳು. ಅತಿ ಹೆಚ್ಚು ಜನ ಆಡುವ ಭಾಷೆಗೇ ರಾಜಧಾನಿಯ ವೇದಿಕೆಯಲ್ಲಿ ಈ ಗತಿ. ಕಲಬುರಗಿ, ರಾಯಚೂರು, ಬೀದರ್‌ನ ಹಿರಿಯರನ್ನು ಕೇಳಿದರೆ ಈ ನೋವು ಅವರಿಗೆ ಕೂಡಲೇ ಅರ್ಥವಾಗುತ್ತದೆ. ಕನ್ನಡದ ಸ್ಥಿತಿ ಇದಕ್ಕಿಂತ ಚೆನ್ನಾಗಿರಲಿಲ್ಲ.

ಅವಮಾನವಾದಾಗ ಎರಡು ದಾರಿಗಳಿರುತ್ತವೆ. ತಿರುಗಿ ಕೂಗುವುದು ಒಂದು. ಆ ರಾತ್ರಿ ಕೆಲವೇ ಮಂದಿ ತೆಲುಗರು ಆರಿಸಿಕೊಂಡದ್ದು ಇನ್ನೊಂದನ್ನು. ಟೇಕುಮಾಳ ರಂಗರಾವ್ ಅವರ ಮನೆಯಲ್ಲಿ ಸೇರಿ ಆಂಧ್ರ ಜನ ಸಂಘ ಎಂಬ ಸಣ್ಣ ಸಂಸ್ಥೆ ಕಟ್ಟಿದರು. ಅದರ ಬೆನ್ನೆಲುಬಾಗಿ ನಿಂತವರು ಮಾಡಪಾಟಿ.

ಸಂಘ ಮಾಡಿದ ಕೆಲಸಗಳೂ ಸದ್ದಿಲ್ಲದವು. ಹಳ್ಳಿಗಳಲ್ಲಿ ಗ್ರಂಥಾಲಯ ತೆರೆಯುವುದು, ಹಳೆಯ ತಾಳೆಗರಿ, ಶಾಸನಗಳನ್ನು ಸಂಗ್ರಹಿಸುವುದು, ವ್ಯಾಪಾರಿಗಳನ್ನು ಒಟ್ಟುಗೂಡಿಸುವುದು. ಹಳ್ಳಿಗಳಲ್ಲಿ ಅಧಿಕಾರಿಗಳು ಬಂದಾಗ ಬಡವರಿಂದ ಪುಕ್ಕಟೆ ದುಡಿಸಿಕೊಳ್ಳುವ ಬಿಟ್ಟಿ ಚಾಕರಿ ಜೋರಾಗಿತ್ತು. ಅದನ್ನು ತಡೆಯುವ ಸರ್ಕಾರಿ ಆದೇಶಗಳು ಉರ್ದು ಕಡತಗಳಲ್ಲಿ ಮಲಗಿದ್ದವು. ಸಂಘ ಅವುಗಳನ್ನು ತೆಲುಗಿನಲ್ಲಿ ಚಿಕ್ಕ ಪುಸ್ತಿಕೆಗಳಾಗಿ ಹಂಚಿತು. ಸರ್ಕಾರದ ವಿರುದ್ಧ ಒಂದು ಮಾತೂ ಆಡದೆ, ಸರ್ಕಾರದ ಮಾತನ್ನೇ ಜನರ ಕೈಗೆ ಕೊಟ್ಟ ಜಾಣತನ ಇದು. ಉರ್ದು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು.

ಮಾನ್ಯತೆ ಇಲ್ಲದ ಶಾಲೆ

ಈಗ ನಾರಾಯಣಗೂಡದ ಶಾಲೆಯ ಕಥೆಗೆ ಬರೋಣ.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಗಿತ್ತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಹೆಗ್ಗಳಿಕೆ ಅದರದು. ಆದರೆ ತೆಲುಗು, ಕನ್ನಡ, ಮರಾಠಿ ಮನೆಗಳ ಮಕ್ಕಳಿಗೆ ಅದೂ ಪರಭಾಷೆಯೇ. ಗಂಡುಮಕ್ಕಳಾದರೂ ನೌಕರಿಯ ಆಸೆಯಿಂದ ಕಲಿಯುತ್ತಿದ್ದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪ, ಅದರಲ್ಲೂ ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಓದಿಸುವುದೆಂದರೆ ಬಹುತೇಕ ತಂದೆತಾಯಂದಿರು ಬೇಡವೆನ್ನುತ್ತಿದ್ದರು. ಹುಡುಗಿಯರ ಓದು ಕೆಳಗಿನ ತರಗತಿಗಳಲ್ಲೇ ನಿಂತುಹೋಗುತ್ತಿತ್ತು.

ಮಾಡಪಾಟಿ 1928ರಲ್ಲಿ ತೆಲುಗು ಮಾಧ್ಯಮದ ಬಾಲಕಿಯರ ಶಾಲೆ ಆರಂಭಿಸಿದರು. ಅದನ್ನು ಹೈಸ್ಕೂಲ್‌ವರೆಗೆ ಬೆಳೆಸಬೇಕು ಎಂಬುದು ಅವರ ಹಟ. ಅಲ್ಲೇ ಬಾಗಿಲು ಮುಚ್ಚಿತು. ತೆಲುಗು ಮಾಧ್ಯಮದ ಹೈಸ್ಕೂಲಿಗೆ ಸಂಸ್ಥಾನದಲ್ಲಿ ಮಾನ್ಯತೆ ಸಿಗುವಂತಿರಲಿಲ್ಲ. ಮಾನ್ಯತೆಯಿಲ್ಲದ ಶಾಲೆಯಲ್ಲಿ ಓದಿದ ಹುಡುಗಿ ಯಾವ ಪರೀಕ್ಷೆ ಬರೆಯಬೇಕು? ಬರೆಯದಿದ್ದರೆ ತಂದೆತಾಯಿ ಯಾಕೆ ಕಳಿಸುತ್ತಾರೆ?

ಸುಲಭದ ಪರಿಹಾರ ಒಂದಿತ್ತು. ಉರ್ದು ಮಾಧ್ಯಮಕ್ಕೆ ಬದಲಾಯಿಸಿದರೆ ಮಾನ್ಯತೆ, ಅನುದಾನ ಎರಡಕ್ಕೂ ದಾರಿಯಾಗುತ್ತಿತ್ತು. ಆದರೆ ಆಗ ಶಾಲೆ ತೆರೆದ ಉದ್ದೇಶವೇ ಉಳಿಯುತ್ತಿರಲಿಲ್ಲ.

ಮಾಡಪಾಟಿ ಕಣ್ಣು ಸಂಸ್ಥಾನದ ಗಡಿಯಾಚೆಗೆ ಹೋಯಿತು. ಪುಣೆಯಲ್ಲಿ 1916ರಲ್ಲಿ ಮಹರ್ಷಿ ಕರ್ವೆ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದ್ದರು. ಮಾತೃಭಾಷೆಯಲ್ಲಿ ಕಲಿಸುವುದು ಅದರ ಮೂಲತತ್ವಗಳಲ್ಲಿ ಒಂದು. ನಾರಾಯಣಗೂಡದ ಶಾಲೆಯನ್ನು ಆ ವಿಶ್ವವಿದ್ಯಾಲಯಕ್ಕೆ ಸೇರಿಸಲಾಯಿತು. ಹೈದರಾಬಾದ್‌ನ ತೆಲುಗು ಹುಡುಗಿಯರು ತಮ್ಮ ಭಾಷೆಯಲ್ಲೇ ಓದಿ ಮೆಟ್ರಿಕ್ ಮುಟ್ಟಲು ದಾರಿ ತೆರೆದದ್ದು ಹೀಗೆ.

ಇಲ್ಲಿ ಒಂದು ಕ್ಷಣ ನಿಲ್ಲಿ. 1921ರಲ್ಲಿ ತೆಲುಗಿಗೆ ಅವಮಾನವಾದ ಸಭೆಯ ಅಧ್ಯಕ್ಷರು ಇದೇ ಕರ್ವೆ. ಗಲಾಟೆ ಮಾಡಿದ್ದು ಸಭಿಕರು, ನಿಜ. ಆದರೂ ಆ ದಿನದ ಕಹಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಪುಣೆಯ ಬಾಗಿಲು ತಟ್ಟುವ ಯೋಚನೆಯೂ ಬರುತ್ತಿರಲಿಲ್ಲವೇನೋ. ನೊಂದುಕೊಂಡದ್ದನ್ನು ಸಂಘ ಕಟ್ಟಲು ಬಳಸಿದರು, ಸಂಬಂಧ ಕಡಿದುಕೊಳ್ಳಲು ಬಳಸಲಿಲ್ಲ.

ಪೊಲೀಸ್ ಮುಖ್ಯಸ್ಥರ ಸ್ನೇಹ

ಸ್ನೇಹದ ವಿಷಯದಲ್ಲೂ ಮಾಡಪಾಟಿ ಹೀಗೆಯೇ. ಆ ಕಾಲದಲ್ಲಿ ಹೈದರಾಬಾದ್ ನಗರದ ಕೊತ್ವಾಲ, ಅಂದರೆ ಪೊಲೀಸ್ ಮುಖ್ಯಸ್ಥರಾಗಿದ್ದವರು ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿ. ನಿಜಾಮರ ನಂಬಿಕೆಯ ಅಧಿಕಾರಿ. ಸಾರ್ವಜನಿಕ ಸಭೆಗಳಿಗೆ ಮುಂಚಿತ ಅನುಮತಿ ಬೇಕಿದ್ದ ಸಂಸ್ಥಾನದಲ್ಲಿ ಸಂಘ ಕಟ್ಟುವವರಿಗೂ ಪೊಲೀಸರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಇರಬೇಕಿತ್ತು. ಆದರೆ ಶಿಕ್ಷಣದ ಕೆಲಸದಲ್ಲಿ ಇಬ್ಬರೂ ಜೊತೆಯಾದರು. 1918ರಲ್ಲಿ ರೆಡ್ಡಿ ಹಾಸ್ಟೆಲ್ ಆರಂಭಕ್ಕೆ ಮುಂದಾಗಿದ್ದ ವೆಂಕಟರಾಮ ರೆಡ್ಡಿ, ಹೆಣ್ಣುಮಕ್ಕಳ ಓದಿಗೂ ಬೆಂಬಲವಾಗಿ ನಿಂತರು. ಅವರ ಹೆಸರಿನ ಮಹಿಳಾ ಕಾಲೇಜು 1954ರಿಂದ ನಾರಾಯಣಗೂಡದಲ್ಲೇ ಇದೆ.

ಎಲ್ಲದರಲ್ಲೂ ಒಪ್ಪುವವರ ಜೊತೆ ಮಾತ್ರ ಕೆಲಸ ಮಾಡುತ್ತೇನೆ ಎಂದಿದ್ದರೆ ಈ ಶಾಲೆ ನಿಲ್ಲುತ್ತಿರಲಿಲ್ಲ. ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಯ ಅಭಿಪ್ರಾಯ ಇಷ್ಟವಾಗದಿದ್ದರೆ ಗ್ರೂಪಿನಿಂದಲೇ ಹೊರಬರುವ ನಮ್ಮ ಪೀಳಿಗೆಗೆ ಇದು ಸ್ವಲ್ಪ ಕಷ್ಟದ ಪಾಠ.

ಮೆದು ಮನುಷ್ಯ ಎಂಬ ಟೀಕೆ

ಎಲ್ಲರೂ ಅವರನ್ನು ಮೆಚ್ಚಿದರು ಎಂದರೆ ಸುಳ್ಳಾಗುತ್ತದೆ. ಆಂಧ್ರ ಜನ ಸಂಘದ ಕೆಲಸವೇ ಬೆಳೆದು 1930ರಲ್ಲಿ ಜೋಗಿಪೇಟೆಯಲ್ಲಿ ಮೊದಲ ಆಂಧ್ರ ಮಹಾಸಭೆ ನಡೆಯಿತು. ಸುರವರಂ ಪ್ರತಾಪ ರೆಡ್ಡಿ ಅದರ ಅಧ್ಯಕ್ಷರು. 1935ರ ಸಿರಿಸಿಲ್ಲ ಸಭೆಗೆ ಮಾಡಪಾಟಿಯವರೇ ಅಧ್ಯಕ್ಷರಾದರು. ಇದೇ ಮಾದರಿಯಲ್ಲಿ ಮುಂದೆ ಸಂಸ್ಥಾನದ ಕನ್ನಡಿಗರು ಕರ್ನಾಟಕ ಪರಿಷತ್ತನ್ನೂ, ಮರಾಠಿಗರು ಮಹಾರಾಷ್ಟ್ರ ಪರಿಷತ್ತನ್ನೂ ಕಟ್ಟಿಕೊಂಡರು.

ಆದರೆ ಕಾಲ ಬದಲಾಗುತ್ತಿತ್ತು. ಹಳ್ಳಿಗಳಲ್ಲಿ ಜಮೀನ್ದಾರರ ದಬ್ಬಾಳಿಕೆ ನೋಡಿ ಬೆಳೆದ ಯುವಕರಿಗೆ ಮನವಿ, ನಿರ್ಣಯ, ಅನುಮತಿ ಪತ್ರಗಳ ರಾಜಕೀಯ ಸಾಕಾಗಿತ್ತು. ರಾವಿ ನಾರಾಯಣ ರೆಡ್ಡಿಯಂಥ ಎಡಪಂಥೀಯ ನಾಯಕರು ಮುಂದೆ ಬಂದರು. 1944ರ ಭುವನಗಿರಿ ಸಭೆಯ ಹೊತ್ತಿಗೆ ಮಹಾಸಭೆ ಒಡೆಯಿತು. ಮಾಡಪಾಟಿಯವರ ಸೌಮ್ಯ ದಾರಿ ಯುವಕರಿಗೆ ಹೇಡಿತನದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಬಿಟ್ಟಿ ಚಾಕರಿ ಮಾಡುತ್ತಿದ್ದ ಕುಟುಂಬಕ್ಕೆ ತಾಳ್ಮೆಯ ಉಪದೇಶ ಕೊಡುವುದು ಸುಲಭವಲ್ಲ, ಸರಿಯೂ ಅಲ್ಲ. ಪುಸ್ತಿಕೆಗಳಿಂದ ಆಗದ ಬದಲಾವಣೆ ಎಷ್ಟೋ ಇತ್ತು ಎಂಬುದನ್ನು ಒಪ್ಪಲೇಬೇಕು.

ಆದರೆ ಅದೇ ಯುವಕರು ನಿಂತು ಮಾತನಾಡಿದ ವೇದಿಕೆಯನ್ನು ಕಟ್ಟಿದ್ದು ಈ ಮೆದು ಮನುಷ್ಯನ ತಲೆಮಾರು. ಓದಲು ಗ್ರಂಥಾಲಯ, ಸೇರಲು ಸಂಘ, ಮಾತನಾಡಲು ಭಾಷೆಯ ಧೈರ್ಯ ಮೊದಲೇ ಸಿಕ್ಕಿತ್ತು. ಮಾಡಪಾಟಿ ಆ ಚಳವಳಿಯ ಇತಿಹಾಸವನ್ನು ತೆಲಂಗಾಣದ ಆಂಧ್ರೋದ್ಯಮ ಕುರಿತ ಪುಸ್ತಕವಾಗಿ ಬರೆದಿಟ್ಟರು. ದಾಖಲೆ ಇಡುವ ಈ ಅಭ್ಯಾಸ ಇಲ್ಲದಿದ್ದರೆ 1921ರ ಸಭೆಯ ಕಥೆ ಇಷ್ಟು ವಿವರವಾಗಿ ನಮಗೆ ಸಿಗುತ್ತಿರಲಿಲ್ಲ.

66ರಲ್ಲಿ ಮೇಯರ್

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದೊಳಗೆ ಸೇರಿತು. 1951ರಲ್ಲಿ ಮಾಡಪಾಟಿ ನಗರದ ಮೇಯರ್ ಆದರು. ಆಗ ಅವರ ವಯಸ್ಸು 66. ಬಹುತೇಕರು ವಿಶ್ರಾಂತಿ ಬಯಸುವ ಹೊತ್ತಿನಲ್ಲಿ ಅವರ ಸಾರ್ವಜನಿಕ ಜೀವನದ ಹೊಸ ಅಧ್ಯಾಯ ಶುರುವಾಯಿತು. 1955ರಲ್ಲಿ ಪದ್ಮಭೂಷಣ ಬಂತು. 1958ರಿಂದ 1964ರವರೆಗೆ ಆಂಧ್ರಪ್ರದೇಶ ವಿಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದರು. 1970ರ ನವೆಂಬರ್ 11ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಬದುಕಿನಿಂದ ನಾವು ಏನು ತೆಗೆದುಕೊಳ್ಳಬಹುದು?

ಬೆಳಗಿನ ಜಾವ ಎಷ್ಟು ಗಂಟೆಗೆ ಏಳಬೇಕು ಎಂಬ ಸೂತ್ರ ಇದರಲ್ಲಿಲ್ಲ. ಆದರೆ ಕೆಲವು ಅಭ್ಯಾಸಗಳು ಸ್ಪಷ್ಟವಾಗಿ ಕಾಣುತ್ತವೆ.

* ನಿಮ್ಮದಲ್ಲದ ಭಾಷೆಯನ್ನೂ ಚೆನ್ನಾಗಿ ಕಲಿಯಿರಿ. ಅದು ನಿಮ್ಮ ಭಾಷೆಗೇ ಬಲ ಕೊಡಬಹುದು.
* ಹೊಸ ದಾರಿ ಹಿಡಿಯುವ ಮೊದಲು ಕಾಲಿಡುವ ಜಾಗ ಗಟ್ಟಿ ಮಾಡಿಕೊಳ್ಳಿ.
* ಅವಮಾನವಾದ ರಾತ್ರಿ ಪೋಸ್ಟ್ ಹಾಕುವ ಬದಲು, ನಾಳೆ ಶುರು ಮಾಡಬಹುದಾದ ಒಂದು ಸಣ್ಣ ಕೆಲಸ ಹುಡುಕಿ.
* ಒಂದು ಬಾಗಿಲು ಮುಚ್ಚಿದರೆ ಉದ್ದೇಶ ಬದಲಿಸಬೇಡಿ, ಬೇರೆ ಬಾಗಿಲು ನೋಡಿ.
* ಭಿನ್ನ ಅಭಿಪ್ರಾಯದವರ ಜೊತೆ ಒಂದು ಒಳ್ಳೆಯ ಕೆಲಸಕ್ಕಾದರೂ ಕೈಜೋಡಿಸಿ.
* ಮಾಡಿದ್ದನ್ನು ಬರೆದಿಡಿ.

ಇವೆಲ್ಲ ನಿಧಾನವಾಗಿ ಫಲ ಕೊಡುವ ಅಭ್ಯಾಸಗಳು. ಒಂದು ಸಭೆಯ ಗಲಾಟೆಯಿಂದ ಒಂದು ಶಾಲೆಯವರೆಗೆ ಬರಲು ಏಳು ವರ್ಷ ಬೇಕಾಯಿತು. ಆ ಶಾಲೆ ಹೆಣ್ಣುಮಕ್ಕಳನ್ನು ಮೆಟ್ರಿಕ್ ಪರೀಕ್ಷೆಯವರೆಗೆ ಕೊಂಡೊಯ್ಯಲು ಇನ್ನಷ್ಟು ವರ್ಷ.

ಮುಂದಿನ ಸಲ ಕಾಚಿಗುಡದಲ್ಲಿ ಇಳಿದು ನಾರಾಯಣಗೂಡದ ಕಡೆ ಹೋದರೆ, ಫ್ಲೈಓವರ್ ಸುತ್ತಲಿನ ಟ್ರಾಫಿಕ್ಕಿನ ನಡುವೆ ಬ್ಯಾಗು ಹೊತ್ತು ರಸ್ತೆ ದಾಟುವ ಹುಡುಗಿಯರನ್ನು ನೋಡಿ. ಅವರು ಹೀಗೆ ಸಲೀಸಾಗಿ ಶಾಲೆಗೆ ಹೋಗಲಿ ಎಂದು, ಸುಮಾರು ನೂರು ವರ್ಷದ ಹಿಂದೆ ಒಬ್ಬ ವಕೀಲರು ಬೇರೆ ಪ್ರಾಂತ್ಯದ ವಿಶ್ವವಿದ್ಯಾಲಯದವರೆಗೂ ಹೋಗಿ ಮಾನ್ಯತೆ ತಂದಿದ್ದರು.