ದೂಳಿನಲ್ಲಿ ಮಿಂಚಿನ ರಂಗೋಲಿ ಕಂಡ ಲಿಕ್ಟೆನ್‌ಬರ್ಗ್

1777ರ ವಸಂತ. ಜರ್ಮನಿಯ ಗಟಿಂಗೆನ್ ಪಟ್ಟಣದ ಕೋಣೆಯೊಂದರಲ್ಲಿ ಸುಮಾರು 2 ಮೀಟರ್ ಅಡ್ಡಳತೆಯ ರಾಳದ ಬಿಲ್ಲೆಯೊಂದು ಸಿದ್ಧವಾಗುತ್ತಿತ್ತು. ಉಜ್ಜಿದರೆ ವಿದ್ಯುದಾವೇಶ ಪಡೆದು ಅದನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಇಲೆಕ್ಟ್ರೋಫೋರಸ್ ಎಂಬ ಸಾಧನದ ಭಾಗವದು. ಬಿಲ್ಲೆಯನ್ನು ನಯಗೊಳಿಸುವಾಗ ಎದ್ದ ರಾಳದ ದೂಳು ಕೋಣೆಯ ಎಲ್ಲೆಡೆ ಕುಳಿತಿತ್ತು. ಮುಚ್ಚಳವನ್ನು ಮೇಲೆತ್ತಿದಾಗ ಆ ದೂಳು ಬಿಲ್ಲೆಯ ಮೇಲೂ ಬಿತ್ತು. ಆದರೆ ಸಮನಾಗಿ ಹರಡಲಿಲ್ಲ; ಅಲ್ಲಲ್ಲಿ ಪುಟ್ಟ ಪುಟ್ಟ ನಕ್ಷತ್ರಗಳಾಗಿ ಕೂಡಿಕೊಂಡಿತು. ಯಾರೂ ಬಿಡಿಸದ ರಂಗೋಲಿ! ಒರೆಸಿ ಮುಂದೆ ಸಾಗಬಹುದಾಗಿದ್ದ ಆ ಕೊಳೆಯನ್ನು ನಿಂತು ನೋಡಿದವನು ಜಾರ್ಜ್ ಕ್ರಿಸ್ಟೋಫ್ ಲಿಕ್ಟೆನ್‌ಬರ್ಗ್. ಅನಿಲದಲ್ಲಿ ಹರಿದ ವಿದ್ಯುತ್ತು ತನ್ನಿಂದ ತಾನೇ ರಚಿಸುವ ವಿನ್ಯಾಸಗಳ ಅಧ್ಯಯನ ಆರಂಭವಾದದ್ದು ಅಲ್ಲಿಂದ.

ಡಾರ್ಮ್‌ಸ್ಟಾಟ್ ಬಳಿಯ ಓಬರ್-ರಾಮ್‌ಸ್ಟಾಟ್‌ನಲ್ಲಿ 1742ರ ಜುಲೈ 1ರಂದು ಜನಿಸಿದ ಆತ ಪಾದ್ರಿಯೊಬ್ಬರ 17 ಮಕ್ಕಳಲ್ಲಿ ಕಡೆಯವನು. ಬಾಲ್ಯದಲ್ಲೇ ಬೆನ್ನುಮೂಳೆ ಬಾಗಿ ಗೂನು ಉಂಟಾಯಿತು. ದೇಹ ಕುಳ್ಳಾಗಿಯೇ ಉಳಿಯಿತು. ವಯಸ್ಸಾದಂತೆ ಉಸಿರಾಟವೇ ಕಷ್ಟವಾಗತೊಡಗಿತು. ಒಂಬತ್ತರ ವಯಸ್ಸಿನಲ್ಲಿ ತಂದೆ ತೀರಿಕೊಂಡರು. 1763ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯ ಸೇರಿದವನು 1770ರಲ್ಲಿ ಅಲ್ಲಿಯೇ ಪ್ರಾಧ್ಯಾಪಕನಾದ. ಆ ಪ್ರದೇಶ ಆಗ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್‌ನ ಹ್ಯಾನೋವರ್ ಆಳ್ವಿಕೆಗೆ ಸೇರಿತ್ತು. ಹೀಗಾಗಿ ಎರಡು ಸಲ ಇಂಗ್ಲೆಂಡಿಗೆ ಹೋದ ಲಿಕ್ಟೆನ್‌ಬರ್ಗ್‌ಗೆ ದೊರೆಯ ಆತಿಥ್ಯವೂ ದೊರೆಯಿತು.

ನಕ್ಷತ್ರಗಳನ್ನು ಕಂಡ ಮೇಲೆ ಆತ ಅವುಗಳನ್ನು ಬೇಕೆಂದಾಗ ಮೂಡಿಸುವುದನ್ನು ಕಲಿತ. ರಾಳದ ಮೇಲೆ ಕಿಡಿ ಹಾಯಿಸಿ, ಪುಡಿ ಉದುರಿಸಿದರೆ ಚಿತ್ರ ಎದ್ದು ಕಾಣುತ್ತಿತ್ತು. ಧನ ಆವೇಶ ಬಿದ್ದೆಡೆ ಕವಲೊಡೆದು ಹರಡುವ ನಕ್ಷತ್ರ. ಋಣ ಆವೇಶ ಬಿದ್ದೆಡೆ ಅಷ್ಟು ಚಾಚದ, ದುಂಡನೆಯ ಆಕೃತಿ. ಅಂಟು ಹಚ್ಚಿದ ಕಾಗದವನ್ನು ಒತ್ತಿ ಚಿತ್ರಗಳನ್ನು ಎತ್ತಿಕೊಂಡದ್ದೂ ಉಂಟು. 1778ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ವಿದ್ಯುತ್ತು ಒಂದೇ ದ್ರವವೋ ಎರಡೋ ಎಂಬ ವಾದ ಬಿಸಿಯಾಗಿದ್ದ ಕಾಲವದು. ಆತ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಎರಡೂ ಪಕ್ಷದವರು ಒಪ್ಪಬಹುದಾದ + ಮತ್ತು − ಚಿಹ್ನೆಗಳನ್ನು ಬಳಸಿದ. ಇಂದು ಬ್ಯಾಟರಿಯ ಮೇಲೆ ಕಾಣುವ ಗುರುತುಗಳಿಗೆ ಆ ಹಿಂಜರಿಕೆಯೇ ಮೂಲ. ವಿಜ್ಞಾನದಲ್ಲಿ ಇಂಥ ಹಿಂಜರಿಕೆ ದೌರ್ಬಲ್ಯವಲ್ಲ.

ಆದರೆ ಕೈಗೆತ್ತಿಕೊಂಡದ್ದನ್ನು ಮುಗಿಸುವ ಗುಣ ಮಾತ್ರ ಆತನಲ್ಲಿರಲಿಲ್ಲ. ಪುಡಿಯ ಚಿತ್ರವನ್ನು ಕಾಗದಕ್ಕೆ ಇಳಿಸುವ ಉಪಾಯ ಕೈಯಲ್ಲೇ ಇದ್ದರೂ ಅದನ್ನು ಮುಂದುವರಿಸಲಿಲ್ಲ. 1938ರಲ್ಲಿ ನ್ಯೂಯಾರ್ಕಿನಲ್ಲಿ ಚೆಸ್ಟರ್ ಕಾರ್ಲ್‌ಸನ್ ಗಂಧಕ ಲೇಪಿಸಿದ ಸತುವಿನ ತಗಡಿನ ಮೇಲೆ ಆವೇಶ ಮತ್ತು ಪುಡಿಗಳಿಂದಲೇ ಮೊದಲ ಜೆರಾಕ್ಸ್ ಪ್ರತಿ ತೆಗೆದ. ಭೌತಶಾಸ್ತ್ರದ ಸ್ವಂತ ಪಠ್ಯಪುಸ್ತಕ ಬರೆಯುವ ಲಿಕ್ಟೆನ್‌ಬರ್ಗ್‌ನ ಆಸೆಯೂ ಈಡೇರಲಿಲ್ಲ; ಗೆಳೆಯ ಎರ್ಕ್ಸ್‌ಲೆಬೆನ್‌ನ ಪುಸ್ತಕವನ್ನು ಪರಿಷ್ಕರಿಸುವುದರಲ್ಲೇ ವರ್ಷಗಳು ಕಳೆದವು. ತರಗತಿಯಲ್ಲಿ ಉಪಕರಣಗಳನ್ನಿಟ್ಟು ಪ್ರಯೋಗ ಮಾಡಿ ತೋರಿಸುತ್ತಿದ್ದ ಆತನ ಪಾಠ ಮಾತ್ರ ಪ್ರಸಿದ್ಧವಾಗಿತ್ತು. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಆತನ ಶಿಷ್ಯ. 1784ರಲ್ಲಿ ವೋಲ್ಟಾ ಗಟಿಂಗೆನ್ನಿಗೇ ಬಂದು ಭೇಟಿಯಾದ.

1789ರಲ್ಲಿ ತೀವ್ರ ಕಾಯಿಲೆ ಬಿದ್ದಾಗ, ಮಕ್ಕಳ ತಾಯಿಯಾಗಿದ್ದ ಮಾರ್ಗರೆತೆ ಕೆಲ್ನರ್ ದಿಕ್ಕಿಲ್ಲದವಳಾಗಬಾರದೆಂದು ಆಕೆಯನ್ನು ವಿವಾಹವಾದ. ಆಮೇಲೂ ಹತ್ತು ವರ್ಷ ಬದುಕಿ, 1799ರ ಫೆಬ್ರುವರಿ 24ರಂದು ತೀರಿಕೊಂಡ. ವ್ಯಾಪಾರಿಗಳ ಕಚ್ಚಾ ಲೆಕ್ಕದ ಪುಸ್ತಕವನ್ನು ಮಾದರಿಯಾಗಿಟ್ಟುಕೊಂಡು 1765ರ ಹೊತ್ತಿನಿಂದ ಆತ ಬರೆದಿಟ್ಟಿದ್ದ ಟಿಪ್ಪಣಿಗಳು ಮರಣಾನಂತರ ಅಚ್ಚಾದವು. ಜರ್ಮನ್ ಸಾಹಿತ್ಯದಲ್ಲಿ ಆತನ ಹೆಸರು ಉಳಿದಿರುವುದು ಅವುಗಳಿಂದಲೇ.

ನಕ್ಷತ್ರಗಳು ಏಕೆ ಕವಲೊಡೆಯುತ್ತವೆ ಎಂಬ ಪ್ರಶ್ನೆ ಮಾತ್ರ ಬಾಕಿ ಉಳಿಯಿತು. ಅದರ ಲೆಕ್ಕ ಹಾಕಲು ಕಂಪ್ಯೂಟರ್ ಬೇಕಾಯಿತು. ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿದ್ದ ಬ್ರೌನ್ ಬೊವೆರಿ ಕಂಪೆನಿಯ ಸಂಶೋಧನಾ ಕೇಂದ್ರದ ನೀಮೆಯರ್, ಪಿಯೆತ್ರೊನೆರೊ ಮತ್ತು ವೀಸ್ಮನ್ 1984ರಲ್ಲಿ ಒಂದು ಸರಳ ಮಾದರಿ ಮುಂದಿಟ್ಟರು. ಚೌಕುಳಿ ಹಾಳೆಯಂಥ ಜಾಲ. ಅದರ ನಡುವೆ ಆವೇಶದ ಒಂದು ಬಿಂದು. ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಲೆಕ್ಕ ಹಾಕಬೇಕು. ಕ್ಷೇತ್ರ ಎಲ್ಲಿ ಬಲವಾಗಿದೆಯೋ ಅಲ್ಲಿ ಬೆಳೆಯುವ ಸಾಧ್ಯತೆ ಹೆಚ್ಚು. ಆ ಸಾಧ್ಯತೆಗೆ ತಕ್ಕಂತೆ ಚೀಟಿ ಎತ್ತಿ ಒಂದು ಹೆಜ್ಜೆ ಚಾಚಬೇಕು. ಮತ್ತೆ ಲೆಕ್ಕ, ಮತ್ತೆ ಹೆಜ್ಜೆ. ಮುಂಚಾಚಿದ ತುದಿಯಲ್ಲಿ ಕ್ಷೇತ್ರ ಇನ್ನಷ್ಟು ತೀವ್ರವಾಗುವುದರಿಂದ ಅದೇ ಮುಂದೆ ಓಡುತ್ತದೆ; ಎರಡು ಕವಲುಗಳ ನಡುವಿನ ಸಂದು ಕ್ಷೇತ್ರದಿಂದ ಮರೆಯಾಗಿ ಖಾಲಿ ಉಳಿಯುತ್ತದೆ. ಸಾವಿರಾರು ಹೆಜ್ಜೆಗಳ ನಂತರ ಪರದೆಯ ಮೇಲೆ ಮೂಡಿದ್ದು ರಾಳದ ಬಿಲ್ಲೆಯ ನಕ್ಷತ್ರವನ್ನೇ ಹೋಲುವ ಚಿತ್ರ. ಅದು ಗೆರೆಯಷ್ಟು ತೆಳುವಲ್ಲ, ತಟ್ಟೆಯಷ್ಟು ತುಂಬಿದ್ದೂ ಅಲ್ಲ: ಅದರ ಫ್ರ್ಯಾಕ್ಟಲ್ ಆಯಾಮ ಸುಮಾರು 1.7. ಒತ್ತಡದ ಅನಿಲದಲ್ಲಿ ಗಾಜಿನ ಫಲಕದ ಮೇಲೆ ನಡೆಸಿದ ನಿಜವಾದ ವಿಸರ್ಜನೆಯಲ್ಲೂ ಅಷ್ಟೇ ಸಿಕ್ಕಿತ್ತು.

ಆದರೂ ಆ ಮಾದರಿಗೆ + ಮತ್ತು − ನಡುವಿನ ಭೇದ ತಿಳಿಯದು. ಲಿಕ್ಟೆನ್‌ಬರ್ಗ್ ಕಣ್ಣಿನಿಂದಲೇ ಗುರುತಿಸಿದ್ದ ಆ ವ್ಯತ್ಯಾಸವನ್ನು ಹಿಡಿಯಲು ಇಲೆಕ್ಟ್ರಾನುಗಳ ಮತ್ತು ಅಯಾನುಗಳ ಚಲನೆಯನ್ನು ಬೇರೆ ಬೇರೆಯಾಗಿ ಎಣಿಸುವ, ಹೆಚ್ಚು ಜಟಿಲವಾದ ಮಾದರಿಗಳನ್ನು ಕಟ್ಟಬೇಕಾಯಿತು.