ನೋವನ್ನು ಮರೆಸಿದ ವೈದ್ಯ

ಶಸ್ತ್ರಚಿಕಿತ್ಸೆಯೆಂದರೆ ಜನರು ನಡುಗುತ್ತಿದ್ದ ಕಾಲವೊಂದಿತ್ತು. ನಾಲ್ವರು ರೋಗಿಯನ್ನು ಅದುಮಿ ಹಿಡಿದಿರಲು, ವೈದ್ಯನು ಅವನ ಚೀತ್ಕಾರದ ನಡುವೆಯೇ ಕತ್ತಿಯಾಡಿಸಬೇಕಾಗಿತ್ತು. ಈ ಯಾತನೆಯನ್ನು ನೀಗಲು ಈಥರನ್ನು ಬಳಸಿದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ದಕ್ಷಿಣ ಭಾಗದ ಗ್ರಾಮವೈದ್ಯರಾದ ಕ್ರಾಫರ್ಡ್ ಲಾಂಗ್.

ಲಾಂಗ್ 1815ರ ನವೆಂಬರ್ 1ರಂದು ಜಾರ್ಜಿಯ ರಾಜ್ಯದ ಡೇನಿಯಲ್ಸ್‌ವಿಲ್‌ನಲ್ಲಿ ಜನಿಸಿದರು. 1839ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವೈದ್ಯ ಪದವಿ ಪಡೆದು, ಮುಂದೆ ಜೆಫರ್ಸನ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಅಲ್ಲಿಯ ಯುವಕರು ವಿನೋದಕ್ಕಾಗಿ ಈಥರಿನ ಆವಿಯನ್ನು ಸೇವಿಸುತ್ತಿದ್ದರು. ಆ ಅಮಲಿನಲ್ಲಿ ಪೆಟ್ಟು ಬಿದ್ದರೂ ನೋವು ತಿಳಿಯದಿರುವುದನ್ನು ಲಾಂಗ್ ಗಮನಿಸಿದರು. 1842ರ ಮಾರ್ಚ್ 30ರಂದು ಜೇಮ್ಸ್ ವೆನಬಲ್ ಎಂಬ ತರುಣನಿಗೆ ಈಥರ್ ಕೊಟ್ಟು, ಅವನ ಕುತ್ತಿಗೆಯ ಗೆಡ್ಡೆಯನ್ನು ಕತ್ತರಿಸಿ ತೆಗೆದರು. ಅವನಿಗೆ ನೋವಿನ ಅರಿವೇ ಆಗಲಿಲ್ಲ.

ಅದೇ ವರ್ಷ ಲಾಂಗ್ ಅವರು ಕ್ಯಾರೊಲಿನ್ ಸ್ವೇನ್ ಅವರನ್ನು ವರಿಸಿದರು. 1845ರಲ್ಲಿ ಪತ್ನಿಯ ಹೆರಿಗೆಯ ನೋವನ್ನೂ ಈಥರಿನಿಂದ ತಗ್ಗಿಸಿದರು. ಆದರೆ ಅದು ಗುಲಾಮ ಪದ್ಧತಿಯ ನಾಡು. ಅದೇ ವರ್ಷ ಗುಲಾಮ ಬಾಲಕನೊಬ್ಬನ ಎರಡು ಬೆರಳುಗಳಲ್ಲಿ ಒಂದನ್ನು ಈಥರ್ ಕೊಟ್ಟೂ ಇನ್ನೊಂದನ್ನು ಕೊಡದೆಯೂ ಕತ್ತರಿಸಿ, ಲಾಂಗ್ ಹೋಲಿಸಿ ನೋಡಿದರು. ಈ ಸಾಧನೆಯ ಹಿಂದೆ ಆ ಬಾಲಕನು ಅನುಭವಿಸಿದ ನೋವೂ ಇದೆಯೆಂಬುದನ್ನು ಮರೆಯುವಂತಿಲ್ಲ.

ಇನ್ನಷ್ಟು ಪರೀಕ್ಷಿಸಿದ ಬಳಿಕ ಬರೆಯೋಣವೆಂದು ಲಾಂಗ್ ತಡಮಾಡಿದರು. ಅಷ್ಟರಲ್ಲಿ, 1846ರ ಅಕ್ಟೋಬರ್ 16ರಂದು, ಬಾಸ್ಟನ್ ನಗರದಲ್ಲಿ ದಂತವೈದ್ಯ ಮಾರ್ಟನ್ ಈಥರಿನ ಗುಣವನ್ನು ಬಹಿರಂಗವಾಗಿ ತೋರಿಸಿ ಲೋಕವಿಖ್ಯಾತರಾದರು. ಲಾಂಗ್ ಅವರ ಲೇಖನ ಅಚ್ಚಾದುದು 1849ರ ಡಿಸೆಂಬರಿನಲ್ಲಿ. ಅವರು ತಮ್ಮ ರೋಗಿಗಳಿಂದಲೂ ಕಣ್ಣಾರೆ ಕಂಡವರಿಂದಲೂ ಸಾಕ್ಷ್ಯಪತ್ರಗಳನ್ನು ಸಂಗ್ರಹಿಸಿದರು. 1854ರಲ್ಲಿ ಸೆನೆಟ್ ಸದಸ್ಯ ಡಾಸನ್ ಅವರಿಗೆ ಪತ್ರ ಬರೆದು ತಮ್ಮ ಹಕ್ಕನ್ನು ಮಂಡಿಸಿದರು. ಈ ಶೋಧಕ್ಕೆಂದು ಅಮೆರಿಕದ ಸಂಸತ್ತಿನಲ್ಲಿ ಚರ್ಚೆಯಾಗಿದ್ದ ಒಂದು ಲಕ್ಷ ಡಾಲರುಗಳ ಬಹುಮಾನ ಯಾರ ಕೈಯನ್ನೂ ಸೇರಲಿಲ್ಲ.

ಅಂತರ್ಯುದ್ಧದ ಕಾಲಕ್ಕೆ ಲಾಂಗ್ ಕುಟುಂಬ ಅಥೆನ್ಸ್ ಎಂಬ ಊರಿನಲ್ಲಿತ್ತು. ಶತ್ರುಸೈನ್ಯ ಸಮೀಪಿಸಿದಾಗ ಅವರು ಈ ಕಾಗದಗಳನ್ನು ಗಾಜಿನ ಭರಣಿಯಲ್ಲಿಟ್ಟು ಹೆಣ್ಣುಮಕ್ಕಳ ಕೈಗೆ ಕೊಟ್ಟರೆಂದೂ, ಅವರು ಅದನ್ನು ಕಾಡಿನಲ್ಲಿ ಹೂತಿಟ್ಟು ಕಾಪಾಡಿದರೆಂದೂ ಮನೆಯವರು ಹೇಳುತ್ತಿದ್ದರು. ಮುಂದೆ ಮಗಳು ಫ್ರಾನ್ಸಿಸ್ ತಂದೆಯ ಜೀವನಚರಿತ್ರೆಯನ್ನು ಬರೆದರು.

1878ರ ಜೂನ್ 16ರಂದು ಹೆರಿಗೆಯೊಂದನ್ನು ಮಾಡಿಸುತ್ತಿದ್ದಾಗ ಲಾಂಗ್ ಕುಸಿದುಬಿದ್ದರು. ಮೊದಲು ತಾಯಿ ಮಗುವನ್ನು ನೋಡಿಕೊಳ್ಳಿರೆಂದು ಹೇಳಿ ಪ್ರಾಣಬಿಟ್ಟರೆಂದು ಪ್ರತೀತಿ. 1926ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು. ವೆನಬಲನ ಗೆಡ್ಡೆಯನ್ನು ತೆಗೆದ ಮಾರ್ಚ್ 30 ಅಲ್ಲಿ ವೈದ್ಯರ ದಿನವಾಗಿದೆ.