ತಾಯ್ನಾಡಿಗೆ ಮರಳಿದ ಪಂಡಿತಾ ರಮಾಬಾಯಿಯವರು

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಹಲವರು ಇಂದು ಸಮುದ್ರದಾಚೆಯ ದೇಶಗಳಲ್ಲಿ ನೆಲಸಿರುವರು. ಅವರಲ್ಲಿ ಕೆಲವರು ವರ್ಷಗಳ ತರುವಾಯ ಸ್ವದೇಶಕ್ಕೆ ಬಂದು ನಮ್ಮನ್ನು ಕಂಡಾಗ, ಹೋಗುವುದಕ್ಕಿಂತ ಮರಳಿ ಬರುವುದೇ ಕಷ್ಟವಾಯಿತೆಂದು ಹೇಳಿದುದನ್ನು ನಾವು ಕೇಳಿದ್ದೇವೆ. ಆ ಮಾತು ಕಿವಿಯಲ್ಲಿರುವಾಗಲೇ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಬರೆಯಲು ಕುಳಿತೆವು. ಅವರ ವಿದ್ಯೆಯನ್ನೂ ಪರೋಪಕಾರವನ್ನೂ ಕುರಿತು ನಮ್ಮ ವಾಚಕರು ಬೇಕಾದಷ್ಟು ಓದಿರುವರು. ಆದರೆ ಅವರು ಸುಮಾರು ಆರು ವರ್ಷ ಪರದೇಶದಲ್ಲಿದ್ದು ತಿರುಗಿ ಬಂದ ಬಗೆಯನ್ನು ಹೇಳುವವರು ಕಡಿಮೆ. ನಾವು ಇಲ್ಲಿ ಮುಖ್ಯವಾಗಿ ಅದನ್ನೇ ಹೇಳುವೆವು.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟದಲ್ಲಿ, ಕಾರ್ಕಳದ ಕಡೆಯ ಮಾಳಕ್ಕೆ ಸಮೀಪವಾದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಉಡುಪಿಯ ಪಂಡಿತರ ಸಭೆಯೆದುರಿಗೆ ನಿಂತು ಸಮಾಧಾನ ಹೇಳಬೇಕಾಯಿತು. ಆ ಮನೆಯ ಕೊನೆಯ ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಸಂಸಾರವು ಆ ಕಾಡನ್ನು ಬಿಟ್ಟು ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿ, ಕೂಲಿಯವನ ತಲೆಯ ಮೇಲೆ ಕುಳಿತು ಘಟ್ಟವನ್ನಿಳಿದ ಆ ಕೂಸಿಗೆ ಅಲ್ಲಿಂದ ಮುಂದೆ ಸ್ವಂತ ಊರೆಂಬುದೇ ಇಲ್ಲವಾಯಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ಪುರಾಣವನ್ನು ಓದಿ ಹೇಳುತ್ತ, ಜನರು ಕೊಟ್ಟದ್ದರಲ್ಲಿ ಜೀವಿಸುವುದೇ ಅವರ ವೃತ್ತಿಯಾಗಿತ್ತು. 1874ರ ಕ್ಷಾಮಕಾಲದಲ್ಲಿ ತಂದೆಯೂ ತಾಯಿಯೂ, ಬಳಿಕ ಅಕ್ಕನೂ ತೀರಿಹೋದರು. ಉಳಿದ ಅಣ್ಣ ತಂಗಿಯರಿಬ್ಬರೂ ಕಾಲುನಡಿಗೆಯಲ್ಲಿ ಉತ್ತರಕ್ಕೆ ಹೋಗಿ, ಹೊದೆಯಲು ಬಟ್ಟೆಯಿಲ್ಲದೆ, ಜೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ ಒಣ ಮರಳನ್ನೇ ಮೈಮೇಲೆಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಪ್ರಸ್ತಾಪ ಬರುವುದು.

ತರುವಾಯದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆವು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇವರ ಸಂಸ್ಕೃತ ಪಾಂಡಿತ್ಯಕ್ಕೆ ಮೆಚ್ಚಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಡನೆ ವಿವಾಹವಾಯಿತು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರಲ್ಲಿ ಪತಿಯು ವಾಂತಿಭೇದಿಗೆ ತುತ್ತಾದನು. ಇಪ್ಪತ್ತನಾಲ್ಕು ವರ್ಷ ತುಂಬದ ಆ ವಿಧವೆ ಮಗುವನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಆಯೋಗದೆದುರು ಸಾಕ್ಷಿ ನುಡಿದು, ಹೆಣ್ಣುಮಕ್ಕಳಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಬೇಕೆಂದು ಕೇಳಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರ ಏಪ್ರಿಲ್ ತಿಂಗಳಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು.

ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆ ದೊರೆಯಲಿಲ್ಲ. ಆ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಬಳಿಕ ಚೆಲ್ಟೆನ್‌ಹ್ಯಾಮಿನ ಸ್ತ್ರೀ ಕಾಲೇಜಿನಲ್ಲಿ ಮಿಸ್ ಡೊರೊತಿಯಾ ಬೀಲ್ ಎಂಬವರ ಕೈಕೆಳಗೆ ತಾವು ಕಲಿಯುತ್ತ ಸಂಸ್ಕೃತವನ್ನು ಕಲಿಸುತ್ತಲೂ ಇದ್ದರು. ಅಲ್ಲಿಯೂ ಬಿಳಿಯ ಸೀರೆಯನ್ನು ಬಿಡಲಿಲ್ಲ, ಮಾಂಸಾಹಾರವನ್ನು ಮುಟ್ಟಲಿಲ್ಲ. ಮತವು ಬದಲಾದ ಮೇಲೆ ಊಟ ಉಡುಪುಗಳ ಹಠವೇಕೆಂದು ಅಲ್ಲಿನ ಸಹೋದರಿಯರಿಗೆ ಆಶ್ಚರ್ಯವಾಗುತ್ತಿತ್ತು. ಗಂಡುಹುಡುಗರಿಗೆ ಪಾಠ ಹೇಳುವ ಸಂದರ್ಭವೊಂದು ಬಂದಾಗ, ಹಾಗೆ ಮಾಡಿದರೆ ಹಿಂದೂದೇಶಕ್ಕೆ ಹಿಂದಿರುಗಿದ ಮೇಲೆ ಜನರು ಇವರನ್ನು ಗೌರವಿಸಲಾರರೆಂದು ಬಿಷಪರು ಆಕ್ಷೇಪಿಸಿದರು. ತಮ್ಮ ದೇಶದ ಜನರನ್ನು ತಮಗಿಂತ ಅವರೇ ಬಲ್ಲರೇ ಎಂದು ರಮಾಬಾಯಿಯವರಿಗೆ ಸಿಟ್ಟು ಬಂದುದರಲ್ಲಿ ನಮಗೆ ಆಶ್ಚರ್ಯವೇನೂ ಕಾಣುವುದಿಲ್ಲ.

1886ರಲ್ಲಿ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದ ಸ್ತ್ರೀ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆಯುವುದನ್ನು ನೋಡಲು ಇವರು ಅಮೇರಿಕಕ್ಕೆ ಹೋದರು. ಸ್ವಲ್ಪ ದಿನಗಳಿಗೆಂದು ಹೋದವರು ಮೂರು ವರ್ಷಗಳ ಹತ್ತಿರ ಅಲ್ಲಿ ನಿಂತರು. ಆನಂದೀಬಾಯಿಯವರಾದರೋ ಅದೇ ವರ್ಷದ ಕೊನೆಗೆ ಕ್ಷಯರೋಗದಿಂದ ಬಳಲುತ್ತ ಸ್ವದೇಶಕ್ಕೆ ಮರಳಿ, ಕೊಲ್ಹಾಪುರದ ಆಸ್ಪತ್ರೆಯಲ್ಲಿ ಗೊತ್ತಾಗಿದ್ದ ಕೆಲಸಕ್ಕೆ ಸೇರುವ ಮೊದಲೇ 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಹೋದರು. ಇಪ್ಪತ್ತೆರಡು ವರ್ಷ ತುಂಬದ ವಯಸ್ಸು! ತಾವಾದರೂ ಮರಳಿ ಹೋಗಿ ಏನನ್ನಾದರೂ ಕಟ್ಟಲೇಬೇಕೆಂಬ ಭಾರವು ಇದರಿಂದ ರಮಾಬಾಯಿಯವರ ಮೇಲೆ ಇಮ್ಮಡಿಯಾಯಿತೆಂದು ನಾವು ಭಾವಿಸುತ್ತೇವೆ. ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಪುಸ್ತಕವನ್ನು ಅವರು 1887ರಲ್ಲಿ ಪ್ರಕಟಿಸಿದರು. ಊರೂರಿಗೆ ಹೋಗಿ ಉಪನ್ಯಾಸ ಮಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಬೋಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ಹಣ ಕೊಡಲು ಒಪ್ಪಿತು. ಆ ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸತಕ್ಕದ್ದಲ್ಲವೆಂಬುದು ನಿಬಂಧನೆ.

1888ರ ಕೊನೆಗೆ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಜಪಾನನ್ನು ನೋಡಿಕೊಂಡು, 1889ರ ಫೆಬ್ರವರಿ 1ರಂದು ಅವರು ಮುಂಬಯಿಯ ಬಂದರಿನಲ್ಲಿಳಿದರು. ಆಗ ಅವರಿಗೆ ಮೂವತ್ತು ವರ್ಷ. ಕಾದು ನಿಂತ ತಂದೆತಾಯಿಗಳಿಲ್ಲ, ಹೊಗುವುದಕ್ಕೆ ಹಿರಿಯರ ಮನೆಯಿಲ್ಲ. ಹೋಗುವಾಗ ಹಿಂದೂ ವಿದುಷಿಯೆಂದು ಹಾರ ಹಾಕಿದವರಲ್ಲಿ ಅನೇಕರು ಈಗ ಕ್ರೈಸ್ತಳಾಗಿ ಬಂದವಳನ್ನು ಹೇಗೆ ಮಾತನಾಡಿಸಬೇಕೆಂದು ತಿಳಿಯದೆ ಇದ್ದರು. ಅವರು ಈ ಸಂಕೋಚ ಕರಗಲೆಂದು ಕಾಯಲಿಲ್ಲ. ಬಂದ ಮೂವತ್ತೆಂಟನೆಯ ದಿನವೇ, ಮಾರ್ಚ್ 11ರಂದು, ಚೌಪಾಟಿಯ ಬಳಿಯ ಬಾಡಿಗೆ ಮನೆಯಲ್ಲಿ ಶಾರದಾ ಸದನವನ್ನು ತೆರೆದರು. ಮೊದಲು ಸೇರಿದವರು ಇಬ್ಬರೇ. ಅವರಲ್ಲಿ ಗೋದೂಬಾಯಿ ಎಂಬ ಎಳೆಯ ವಿಧವೆಯು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. 1916ರಲ್ಲಿ ಸ್ತ್ರೀಯರಿಗಾಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕರ್ವೆಯವರು ಇವರೇ.

ಅದೇ ವರ್ಷ ಅಮೇರಿಕದ ಜನಸ್ಥಿತಿಯನ್ನು ಮರಾಠಿಯಲ್ಲಿ ಬರೆದು ಅಚ್ಚುಹಾಕಿಸಿದರು. ಪರದೇಶದಿಂದ ಬಂದವರು ಅಲ್ಲಿಯದೆಲ್ಲವೂ ಚೆನ್ನವೆನ್ನುವುದನ್ನೂ ಅಲ್ಲಿಯದೆಲ್ಲವೂ ಕೆಟ್ಟದ್ದೆನ್ನುವುದನ್ನೂ ನಾವು ಕಂಡಿದ್ದೇವೆ. ಇವರು ಎರಡನ್ನೂ ಮಾಡಲಿಲ್ಲ. ಅಲ್ಲಿನ ಹೆಂಗಸರು ಸಂಘಗಳನ್ನು ಕಟ್ಟಿ ಕೆಲಸ ಸಾಧಿಸುವ ರೀತಿಯನ್ನು ಮನಸಾರೆ ಹೊಗಳಿದರು. ಕರಿಯ ಜನರನ್ನೂ ಮೂಲನಿವಾಸಿಗಳನ್ನೂ ಆ ದೇಶವು ನಡೆಸಿಕೊಂಡ ಬಗೆಯನ್ನು ಖಂಡಿಸಿದರು. ಹ್ಯಾಟಿನ ಅಲಂಕಾರಕ್ಕಾಗಿ ಹಕ್ಕಿಗಳನ್ನು ಕೊಲ್ಲುವುದನ್ನೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನೆರೆದ ಕಾಂಗ್ರೆಸ್ಸಿಗೆ ಬಂದ ಕೆಲವೇ ಸ್ತ್ರೀ ಪ್ರತಿನಿಧಿಗಳಲ್ಲಿ ಇವರೊಬ್ಬರು.

1890ರಲ್ಲಿ ಸದನವು ಪುಣೆಗೆ ಹೋಯಿತು. ರಾನಡೆ, ಭಂಡಾರ್‌ಕರ್ ಮೊದಲಾದವರು ಸಲಹೆಗಾರರಾಗಿದ್ದರು. ಹುಡುಗಿಯರು ತಮ್ಮ ಜಾತಿಯ ಆಚಾರದಂತೆ ಅಡಿಗೆ ಊಟ ಪೂಜೆಗಳನ್ನು ನಡೆಸಲು ಪೂರ್ಣ ಸ್ವಾತಂತ್ರ್ಯವಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತರು. ಪುಣೆಯಲ್ಲಿ ಕೋಲಾಹಲವೆದ್ದಿತು, ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. 1893ರಲ್ಲಿ ಸಲಹೆಗಾರರು ರಾಜೀನಾಮೆಯಿತ್ತರು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು.

ಈ ಪ್ರಕರಣದಲ್ಲಿ ಒಂದೇ ಪಕ್ಷವನ್ನು ಹಿಡಿದು ಬರೆಯುವುದು ಸುಲಭ. ನಾವು ಹಾಗೆ ಮಾಡಲಾರೆವು. ಮತಬೋಧೆಯಿಲ್ಲವೆಂಬ ಮಾತನ್ನು ನಂಬಿ ಮಗಳನ್ನು ಕಳುಹಿಸಿದ ತಂದೆಗೆ ಆ ತೆರೆದ ಬಾಗಿಲು ಮಾತುತಪ್ಪಿದ ಹಾಗೆ ಕಂಡದ್ದು ಅನ್ಯಾಯವಲ್ಲ. ತನ್ನ ಮನೆಯಲ್ಲಿ ತಾನು ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂದರೆ ರಮಾಬಾಯಿಯವರಿಗೆ ಅದು ಸುಳ್ಳಿನ ಬಾಳಾಗಿ ಕಂಡದ್ದೂ ಅನ್ಯಾಯವಲ್ಲ. ಇಂಗ್ಲೆಂಡಿನಲ್ಲಿ ಇವರ ಸೀರೆಯೂ ಸಸ್ಯಾಹಾರವೂ ಅತಿಯಾಗಿ ಹಿಂದೂವೆನಿಸಿದವು, ಪುಣೆಯಲ್ಲಿ ಇವರ ಪ್ರಾರ್ಥನೆಯು ಅತಿಯಾಗಿ ಕ್ರೈಸ್ತವೆನಿಸಿತು. ಹಡಗಿನಿಂದಿಳಿದು ನಾಲ್ಕು ವರ್ಷ ಕಳೆದರೂ ಅವರು ಮನೆಗೆ ಬಂದು ಮುಟ್ಟಿರಲಿಲ್ಲ.

ಬೋಸ್ಟನ್ನಿನವರ ಹತ್ತು ವರ್ಷದ ಗಡುವು ಮುಗಿಯುವ ಕಾಲಕ್ಕೆ ಸದನವು ತನ್ನ ಕಾಲ ಮೇಲೆ ನಿಲ್ಲಲೆಂದು ಅವರು ಪುಣೆಯಿಂದ ಸುಮಾರು 34 ಮೈಲು ದೂರದಲ್ಲಿ, ರೈಲುದಾರಿಯ ಕೇಡಗಾಂವಿನಲ್ಲಿ, 100 ಎಕರೆಯಷ್ಟು ನೆಲವನ್ನು ಕೊಂಡು ಹಣ್ಣಿನ ಮರಗಳನ್ನು ನೆಡಿಸಿದ್ದರು. ಅಷ್ಟರಲ್ಲಿ 1896ರ ಕ್ಷಾಮ ಬಂದಿತು. ಮಧ್ಯಪ್ರಾಂತದಲ್ಲಿ ಅನ್ನವಿಲ್ಲದೆ ಅಲೆಯುವ ಹೆಣ್ಣುಮಕ್ಕಳನ್ನು ದುರುಳರು ಸೆಳೆದುಕೊಳ್ಳುತ್ತಿರುವ ಸುದ್ದಿ ಕೇಳಿದಾಗ, ಹಸಿದು ಸತ್ತ ತಾಯಿತಂದೆಯರೂ ಜೇಲಂ ನದಿಯ ಮರಳೂ ಅವರ ಕಣ್ಣೆದುರಿಗೆ ಬಂದವು. ಆ ನೋಟವನ್ನು ಮತ್ತೊಮ್ಮೆ ಕಾಣಲು ಮೊದಲು ಮನಸ್ಸು ಹಿಂಜರಿಯಿತು. ಆದರೂ ಹೋದರು. ಕೈಯಲ್ಲಿ ಹಣವಿಲ್ಲದಿದ್ದರೂ 300 ಮಂದಿಯನ್ನು ಕರೆತರುವೆನೆಂದು ನಿಶ್ಚಯಿಸಿದರು. ಎಲುಬು ಚಕ್ಕಳವಾದ, ಹುಣ್ಣು ತುಂಬಿದ ಮಕ್ಕಳನ್ನು ತಂಡ ತಂಡವಾಗಿ ರೈಲಿನಲ್ಲಿ ತಂದರು. ಪುಣೆಯಲ್ಲಿ ಪ್ಲೇಗ್ ಹಬ್ಬಿ, ಹೊಸಬರನ್ನು ಊರಿನಲ್ಲಿರಿಸಲು ಅಧಿಕಾರಿಗಳು ಒಪ್ಪದಿದ್ದುದರಿಂದ ಅವರನ್ನೆಲ್ಲ ಕೇಡಗಾಂವಿನ ಬಯಲಿಗೆ ಒಯ್ದು, ಚಪ್ಪರಗಳಲ್ಲಿ ಇಳಿಸಿದರು. ಹೀಗೆ ಮುಕ್ತಿಸದನ ಹುಟ್ಟಿತು. ಈ ಮಕ್ಕಳಲ್ಲಿ ಯಾರೂ ಇವರು ಕಡಲಾಚೆಯಿಂದ ಬಂದವರೆಂದು ಸಂದೇಹಪಡಲಿಲ್ಲ. ಹಸಿವೆಯ ಊರಿನವರೆಂದು ಒಡನೆ ಗುರುತು ಹಿಡಿದರು.

1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿನ ಜನಸಂಖ್ಯೆ 1,900ರ ಹತ್ತಿರಕ್ಕೆ ಬಂದಿತು. ಬಾವಿಗಳನ್ನು ತೋಡಿದರು, ಮಗ್ಗಗಳನ್ನು ಹೂಡಿದರು; ಎಣ್ಣೆ ಗಾಣ, ಹಾಲಿನ ಕೊಟ್ಟಿಗೆ, ಹೊಲಿಗೆ, ಕುರುಡರ ಶಾಲೆ, ಎಲ್ಲವೂ ಹೆಂಗಸರ ಕೈಯಲ್ಲೇ ನಡೆದವು. ಅಮೇರಿಕದಲ್ಲಿ ಕಂಡ ಸ್ತ್ರೀಸಂಘದ ಕಟ್ಟುಪಾಡು ಇಲ್ಲಿ ಒಕ್ಕಲುತನದ ಉಡುಪಿನಲ್ಲಿ ಕಾಣಿಸಿಕೊಂಡಿತೆನ್ನಬಹುದು. ತಾವು ಹುಟ್ಟಿದ ಕನ್ನಡ ನಾಡನ್ನೂ ಮರೆಯಲಿಲ್ಲ. 1912ರಲ್ಲಿ ಕಲಬುರ್ಗಿಯಲ್ಲಿ ಶಾಲೆಯೊಂದು ಆರಂಭವಾಯಿತು. ಮನೋರಮಾಬಾಯಿಯವರು ಅದರ ಮೇಲ್ವಿಚಾರಣೆಯನ್ನು ವಹಿಸಿದರು.

ಮುಪ್ಪಿನಲ್ಲಿ ಅವರು ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಲು ಕುಳಿತರು. 1921ರಲ್ಲಿ ಮಗಳು ತೀರಿಹೋದರೂ ಆ ಕೆಲಸವನ್ನು ನಿಲ್ಲಿಸಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿಯೇ ಕಣ್ಣುಮುಚ್ಚಿದರು. ಆ ಗ್ರಂಥವು 1924ರಲ್ಲಿ ಹೊರಬಂದಿತು. ಅದರ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ಮುಕ್ತಿಯ ಹೆಂಗಸರೇ.